ಖಜೂರಿಯ ಪೆಟ್ಟಿಗೆಯಲ್ಲಿದ್ದ ಮೋಡ

ವಿಜ್ಞಾನ ಪ್ರದರ್ಶನದ ತೀರ್ಪುಗಾರರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಶನಿವಾರ ತಾಲ್ಲೂಕು ಮಟ್ಟದ ಪ್ರದರ್ಶನದಲ್ಲಿ ತಾವು ನನ್ನ ಮಗಳು ಗುಲಫಶಾಳ ಮಾದರಿಗೆ ಸೊನ್ನೆ ಕೊಟ್ಟು, ಷರಾ ಬರೆಯುವಲ್ಲಿ "ಖಾಲಿ ಪೆಟ್ಟಿಗೆ. ವಿಷಯಜ್ಞಾನವಿಲ್ಲ" ಎಂದು ಬರೆದಿರಿ. ಅದು ಸಾಲದೆಂದು ಮೈಕಿನಲ್ಲಿ ಓದಿಯೂ ಹೇಳಿದಿರಿ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಸೊನ್ನೆಯ ಬಗ್ಗೆ ನನ್ನ ತಕರಾರಿಲ್ಲ. ಪೆಟ್ಟಿಗೆ ಖಾಲಿಯಿರಲಿಲ್ಲ ಎಂಬುದಷ್ಟೇ ನನ್ನ ಅಹವಾಲು.

ನಾನು ಖಜೂರಿ ಊರಿನಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವನು. ಓದಿದ್ದು ಏಳನೇ ಇಯತ್ತೆ. ತಮ್ಮಂಥವರಿಗೆ ವಿಜ್ಞಾನ ಹೇಳುವ ಯೋಗ್ಯತೆ ನನಗಿಲ್ಲ. ಅದು ಹತ್ತನೇ ತರಗತಿಯ ನನ್ನ ಮಗಳಿಗಿತ್ತು. ತಾವು ಅವಳಿಗೆ ಒಂದೂವರೆ ನಿಮಿಷ ದಯಪಾಲಿಸಿದಿರಿ. ಅವಳು ಹೇಳಲಾಗದೆ ಉಳಿದದ್ದನ್ನು, ಅವಳ ಬಾಯಿಂದ ಮನೆಯಲ್ಲಿ ಎರಡು ತಿಂಗಳು ಕೇಳಿದವನಾಗಿ, ಇಲ್ಲಿ ಒಪ್ಪಿಸುತ್ತಿದ್ದೇನೆ.

ನಕ್ಷತ್ರ ನಕ್ಷತ್ರಗಳ ನಡುವಿನ ಜಾಗ ಬರಿದಲ್ಲವಂತೆ. ಅಲ್ಲಿ ತೆಳ್ಳನೆಯ ಅನಿಲದ ಮೋಡಗಳಿವೆ. ಹತ್ತು ಪರಮಾಣು ಎಣಿಸಿದರೆ ಒಂಬತ್ತು ಹೈಡ್ರೋಜನ್, ಉಳಿದದ್ದು ಬಹುತೇಕ ಹೀಲಿಯಂ. ಕಾರ್ಬನ್, ಆಮ್ಲಜನಕ, ಸೋಡಿಯಂ, ಕ್ಯಾಲ್ಸಿಯಂ ಒಗ್ಗರಣೆಯಷ್ಟು, ಮೇಲೊಂದಿಷ್ಟು ಧೂಳು. ಚಳಿ ಸೊನ್ನೆಗಿಂತ ನೂರಾ ತೊಂಬತ್ತು ಡಿಗ್ರಿ ಕೆಳಗೆ. ಆಟದ ದಾಳದಷ್ಟು ಜಾಗದಲ್ಲಿ ಸುಮಾರು ನೂರು ಪರಮಾಣು. ತಾವು ನಕ್ಕ ಪೆಂಡಾಲಿನ ಗಾಳಿಯಲ್ಲಿ ಅಷ್ಟೇ ಜಾಗದ ಅಣು ಎಣಿಸಲು ಇಪ್ಪತ್ತೈದರ ಮುಂದೆ ಹದಿನೆಂಟು ಸೊನ್ನೆ ಹಚ್ಚಬೇಕು. ತಾವು ಸೊನ್ನೆ ಹಚ್ಚುವುದರಲ್ಲಿ ನಿಪುಣರು, ಹಚ್ಚಿ ನೋಡಿ. ಇಷ್ಟು ತೆಳ್ಳಗಿದ್ದೂ ಅಂಥ ಒಂದು ಮೋಡ ನೂರಾರು ಸೂರ್ಯರಷ್ಟು ತೂಗಬಹುದು, ಏಕೆಂದರೆ ಅದರ ಹರವು ದೊಡ್ಡದು. ಇದು ನನಗೆ ತಟ್ಟನೆ ತಿಳಿಯಿತು. ಹಿಂಜಿದ ಅರಳೆ ಕೋಣೆ ತುಂಬುತ್ತದೆ, ಒತ್ತಿದರೆ ಒಂದು ದಿಂಬು.

ಕಾಣದ್ದು ಅಲ್ಲಿದೆಯೆಂದು ಗೊತ್ತಾದದ್ದು ಹೇಗೆ? ಹಿಂದಿನ ನಕ್ಷತ್ರದ ಬೆಳಕು ಮೋಡ ದಾಟಿ ಬರುವಾಗ ಸೋಡಿಯಂ, ಕ್ಯಾಲ್ಸಿಯಂ ತಮ್ಮ ಪಾಲಿನ ಬಣ್ಣ ಹೀರಿಕೊಳ್ಳುತ್ತವೆ. ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆ ಕಾಣುತ್ತದೆ. ನನ್ನ ತಾಯಿ ಪ್ಯಾರಿಬಿ ಹಿಂಜಿದ ಅರಳೆಯ ಪದರನ್ನು ಬಾಗಿಲ ಬೆಳಕಿಗೆ ಹಿಡಿದು ನೋಡದೆ ಗಾದಿಗೆ ತುಂಬಿಸುವುದಿಲ್ಲ. ಬೀಜದ ಚೂರಿದ್ದರೆ ಕಪ್ಪಗೆ ಕಾಣುತ್ತದೆ. ಹುಡುಗಿ ಅದನ್ನೇ ಹಿಡಿದಳು. "ದಾದೀ, ನಕ್ಷತ್ರ ಅಂದ್ರ ನಮ್ಮ ಬಾಗ್ಲಾ ಇದ್ದಂಗ. ಮೋಡ ಅಂದ್ರ ಅರಳಿ. ಕರೀ ಗೆರಿ ಅಂದ್ರ ಬೀಜದ ಚೂರು" ಎಂದಳು. ನನ್ನ ತಾಯಿ ಅಂಗೂಠಾ ಛಾಪ್, ಸಹಿಗೆ ಹೆಬ್ಬೆಟ್ಟು ಒತ್ತುವವಳು. ಆಕೆಗೆ ಅರ್ಥವಾಯಿತು.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಪ್ರದರ್ಶನದ ದಿನ ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುವಾಗ, ಬರೀ ಗಾಜಿನ ಪೆಟ್ಟಿಗೆ ಒಯ್ದರೆ ಮಾನ ಹೋದೀತೆಂದು ಎರಡು ಸಲ ಹಿಂಜಿದ ಅರಳೆಯನ್ನು ಅದರಲ್ಲಿ ತುಂಬಿಬಿಟ್ಟೆ. ಪಿಂಜಾರನ ಕೈ, ಖಾಲಿ ಚೀಲ ಕಂಡರೆ ಸುಮ್ಮನಿರದು. ಅವಳು ನೋಡಿ ಹಣೆ ಚಚ್ಚಿಕೊಂಡಳು. "ಅಬ್ಬಾಜಾನ್, ಏನ್ ಮಾಡೀರಿ ಇದು? ಇಷ್ಟು ತುಂಬಿದ್ರ ಅದು ಮೋಡ ಅಲ್ಲ, ತಲಿದಿಂಬು!" ಎಲ್ಲ ತೆಗೆದು, ಒಳಗೆ ಬಟ್ಟೆಯಿಂದ ಒರೆಸಿ, ಬಣ್ಣದ ಪಟ್ಟಿಯ ಮೇಲೆ ಕಪ್ಪು ಗೆರೆ ಬರೆದ ಹಾಳೆಯನ್ನು ಪಕ್ಕಕ್ಕೆ ಅಂಟಿಸಿ, ಹೊತ್ತುಕೊಂಡು ಹೋದಳು.

ತಮ್ಮ ವಿಚಾರಣೆ ನಾನು ಹಿಂದೆಯೇ ನಿಂತು ಕೇಳಿದೆ.

"ಡಬ್ಬ್ಯಾಗ ಏನೈತವ್ವಾ?"

"ಮೋಡ ಐತ್ರಿ ಸರ್."

"ಎಲ್ಲೈತಿ? ಏನೂ ಕಾಣವಲ್ದು."

"ಕಾಣ್ಬಾರ್ದ್ರಿ ಸರ್. ಖರೇ ಅಂದ್ರ ಇದ್ರಾಗ ಭಾಳ ಜಾಸ್ತಿ ಐತ್ರಿ, ಗಾಳಿ ಐತಲ್ರಿ ಒಳಗ. ಇಲ್ಲಿ ಗೆರಿ ಬರ್ದೇನಿ, ಒಂದೀಟ್ ನೋಡ್ರಿ..."

ತಾವು ಮುಂದಿನ ಮೇಜಿಗೆ ಹೋದಿರಿ. ಅಲ್ಲಿ ಗುಲಾಬಿ ಬಣ್ಣದ ಮೋಡವಿತ್ತು, ಹೊಟ್ಟೆಯೊಳಗೆ ಮಿಣುಕುವ ಸೀರಿಯಲ್ ದೀಪ. ಅದಕ್ಕೆ ಪ್ರಥಮ ಬಹುಮಾನ. ಆ ಮೋಡ ನನಗೆ ಖಾಸಾ ಪರಿಚಯ, ಮಾನ್ಯರೇ. ಅದರ ಅರಳೆ ನನ್ನ ಅಂಗಡಿಯದು. ಅಂಥ ದಟ್ಟ ಮೋಡ ನಿಜಕ್ಕೂ ಮೇಲಿದ್ದರೆ ಅದರ ಹಿಂದಿನ ಒಂದು ನಕ್ಷತ್ರವೂ ನಮಗೆ ಕಾಣುತ್ತಿರಲಿಲ್ಲ. ಅದನ್ನು ಮಾಡಿ ತಂದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಕಾಣುವುದಕ್ಕಷ್ಟೇ ಅಂಕವೆಂದು ಅದಕ್ಕೆ ಯಾರೋ ಮೊದಲೇ ಕಲಿಸಿದ್ದಾರೆ.

ನಾವು ಮನೆಗೆ ಬಂದು ನಡೆದದ್ದು ಹೇಳಿದಾಗ ನನ್ನ ತಾಯಿಯ ಮಾತು ಇಷ್ಟೇ: "ಬೆಳಕಿಗೆ ಹಿಡೀಲಾರ್ದ ಅರಳಿ ನೋಡಾಂವ ಎಂಥಾ ಪಿಂಜಾರ ಲೇ?" ಮರುದಿನ ಗುಲಫಶಾ, ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನ ತಗೊಳ್ಳುವುದಿಲ್ಲ ಎಂದಳು. ಆ ಪೆಟ್ಟಿಗೆಯಲ್ಲಿ ಈಗ ನನ್ನ ದಬ್ಬಣ, ದಾರದ ಉಂಡೆ ಇಟ್ಟಿದ್ದಾಳೆ. ಈಗ ಅದರಲ್ಲಿ ಇರುವುದು ತಮಗೂ ಕಾಣುತ್ತದೆ.

ಬಹುಮಾನ ಬೇಡ. ಬರುವ ಶುಕ್ರವಾರದ ಜಿಲ್ಲಾ ಪ್ರದರ್ಶನಕ್ಕೆ ಮೊದಲು ತಮ್ಮ ಷರಾದಿಂದ "ಖಾಲಿ" ಎಂಬ ಶಬ್ದವನ್ನು ಹೊಡೆದು ಹಾಕಿ, ಅದೇ ಮೈಕಿನಲ್ಲಿ, ಅಷ್ಟೇ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಅವಳಿಗೆ ಹತ್ತು ನಿಮಿಷ ಕೊಟ್ಟು, ಗೆರೆ ನೋಡಿ. ದಬ್ಬಣ, ದಾರ ತೆಗೆದು ಪೆಟ್ಟಿಗೆ ಒರೆಸಿ ತರುವ ಜವಾಬ್ದಾರಿ ನನ್ನದು. ಈ ಸಲ ಏನನ್ನೂ ತುಂಬುವುದಿಲ್ಲ.

ಇಂತಿ,
ಪ್ರಥಮ ಬಹುಮಾನದ ಮೋಡಕ್ಕೆ ಕಾಲು ಕಿಲೋ ಅರಳೆ ತೂಗಿ ಕೊಟ್ಟ,
ರಾಜೇಸಾಬ ಪಿಂಜಾರ
ಗಾದಿ ಅಂಗಡಿ, ಖಜೂರಿ