ಊರವರ ಕೋಣೆ

ಮಲ್ಕಾಜ್‌ಗಿರಿ, ಹೈದರಾಬಾದ್
12 ಫೆಬ್ರುವರಿ 2004

ಪ್ರೀತಿಯ ಅಂಬೂ,

ಮೊದಲು ನನ್ನ ನಮಸ್ಕಾರ ತಗೋ, ಆಮೇಲೆ ಎಷ್ಟು ಬೇಕಾದರೂ ಬೈ. ನಿನ್ನ ಪತ್ರ ಸಂಕ್ರಾಂತಿ ಕಳೆದ ಮುಂದಿನ ವಾರವೇ ಕೈಸೇರಿತ್ತು. ಇವತ್ತಿಗೆ ಮೂರು ವಾರ. ನಲವತ್ತು ವರ್ಷದ ನಮ್ಮ ಗೆಳೆತನದಲ್ಲಿ ನಾನು ಇಷ್ಟು ದಿನ ಉತ್ತರ ಬರೆಯದೆ ಕೂತದ್ದಿಲ್ಲ. ನೀನು ಎಸ್‌ಟಿಡಿ ಬೂತಿನಿಂದ ಎರಡು ಸಲ ಫೋನ್ ಮಾಡಿದಾಗ ನಾನು ಮನೆಯಲ್ಲೇ ಇದ್ದೆ. “ಸ್ನಾನಕ್ಕ ಹೋಗ್ಯಾಳ” ಎಂದು ನಮ್ಮನೆಯವರಿಂದ ಹೇಳಿಸಿದೆ. ಎರಡನೇ ಸಲವೂ ಅವರು ಅದನ್ನೇ ಹೇಳಿದರು, ಬೇರೆ ಸುಳ್ಳು ಹೊಳೆಯಲಿಲ್ಲವಂತೆ. ಶಿವಶರಣಪ್ಪನವರ ಹೆಂಡತಿ ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುತ್ತಾಳೆ ಎಂದು ನೀನು ಸೇಡಂ ತುಂಬ ಸುದ್ದಿ ಹಬ್ಬಿಸಬೇಡ.

ನಾವಿಬ್ಬರೂ ಇದ್ದಂತೆ ಇದ್ದೇವೆ. ಅವರಿಗೆ ರೈಲ್ವೆಯಲ್ಲಿ ಇನ್ನು ಎರಡು ವರ್ಷ ನೌಕರಿ ಇದೆ. ಮಗಳು ವಿಜಯಶ್ರೀ ಮಾಧಾಪುರದಲ್ಲಿ ಹಾಸ್ಟೆಲಿನಲ್ಲೇ ಇದ್ದಾಳೆ. ಕಂಪ್ಯೂಟರ್ ಕಂಪನಿಯ ಕೆಲಸ, ಹೊತ್ತುಗೊತ್ತಿಲ್ಲ. ಒಂದೇ ಊರು ಎನ್ನುವುದಷ್ಟೇ, ಎರಡು ಬಸ್ಸು ಬದಲಿಸಿ ಎರಡು ತಾಸು ಹೋಗಬೇಕು. ಆ ಕಡೆ ಬಂಡೆ ಒಡೆದು ಒಡೆದು ಗಾಜಿನ ಕಟ್ಟಡ ಕಟ್ಟುತ್ತಿದ್ದಾರೆ, ಕಲ್ಲು ಹೊರುವವರೆಲ್ಲ ನಮ್ಮ ಕಡೆಯವರೇ. ಬಸ್ಸಿನಲ್ಲಿ ಹೋದರೆ ಮೆಹದಿಪಟ್ಣ ದಾಟಿದ ಮೇಲೆ ಕಿವಿಗೆ ಬರೀ ನಮ್ಮ ಮಾತೇ ಬೀಳುತ್ತದೆ. ವಿಜಯಶ್ರೀ ಆರಾಮಿದ್ದಾಳೆ.

ಎಳ್ಳಮವಾಸ್ಯೆಗೆ ನೀನು ಕಳಿಸಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮುಟ್ಟಿದವು. ಗಂಟು ಬಿಚ್ಚಿದ ಕೂಡಲೇ ಎಳ್ಳಿನ ವಾಸನೆ ಅಡುಗೆಮನೆಯ ತುಂಬ ಹರಡಿತು. ನಿಂತಲ್ಲೇ ಒಂದು ರೊಟ್ಟಿ ಮುರಿದು ಹಿಂಡಿಯ ಖಾರಪುಡಿ ಹಚ್ಚಿಕೊಂಡು ತಿಂದೆ. ಸಂಜೆಗೆ ಹೊಟ್ಟೆ ಉರಿಯತೊಡಗಿತು. ಡಾಕ್ಟರು ನನಗೆ ಖಾರ ಬಿಡಿಸಿ ವರ್ಷವಾಯಿತು. ಮಾರನೇ ದಿನ ಮತ್ತೆ ತಿಂದೆ, ಮತ್ತೆ ಉರಿಯಿತು. ಊರಿನ ಊಟದ ಜೊತೆ ನನ್ನ ಸಂಸಾರ ಈಗ ಹೀಗಿದೆ, ಬಿಟ್ಟಿರಲೂ ಆಗದು, ಕಟ್ಟಿಕೊಂಡು ಬಾಳಲೂ ಆಗದು. ಎದುರು ಮನೆಯ ತೆಲುಗಿನಾಕೆಗೆ ಒಮ್ಮೆ ಪುಂಡಿಪಲ್ಯ ಕೊಟ್ಟಿದ್ದೆ. “ಇದು ನಮ್ಮ ಗೋಂಗೂರ, ನಿಮಗೆ ಮಾಡಲು ಬಂದಿಲ್ಲ, ಎಣ್ಣೆ ಕಡಿಮೆ” ಎಂದಳು. ನನಗೆ ಅವತ್ತು ಎಷ್ಟು ಸಿಟ್ಟು ಬಂತೆಂದರೆ ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಅದೇ ನಾನು ಹೋದ ವರ್ಷ ನಿಮ್ಮಲ್ಲಿಗೆ ಬಂದಾಗ ಪುಂಡಿಪಲ್ಯಕ್ಕೆ ಎಣ್ಣೆ ಸಾಲದು ಎಂದೆ, ನಿನ್ನ ಸೊಸೆ ಮುಖ ತಿರುವಿದಳು.

ಈಗ ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಯಜಮಾನರಿಗೆ, ಚನ್ನಬಸಪ್ಪಣ್ಣನವರಿಗೆ, ಎದೆನೋವು ಬಂದದ್ದು ಓದಿ, ಪತ್ರ ಮಡಚದೆ ಮತ್ತೊಮ್ಮೆ ಮೊದಲಿನಿಂದ ಓದಿದೆ. ಕಲಬುರ್ಗಿಯ ಡಾಕ್ಟರು ಹೈದರಾಬಾದಿಗೇ ಹೋಗಿ ಎಂದದ್ದು ಸರಿ. “ಹದಿನೈದು ದಿನ ನಿನ್ನ ಮನ್ಯಾಗೇ ಇರ್ತೀವಿ, ಊರವರ ಕೋಣಿ ಖಾಲಿ ಮಾಡಿ ಇಡು” ಎಂದು ಬರೆದಿದ್ದೀ. ಅಂಬೂ, ಈ ಸಲ ಅದೊಂದು ಸಾಧ್ಯವಿಲ್ಲ. ಮನೆಯ ನೆಲಕ್ಕೆ ಟೈಲ್ಸ್ ಹಾಕಿಸುತ್ತಿದ್ದೇವೆ. ಎಲ್ಲ ಕಡೆ ಸಿಮೆಂಟು, ಧೂಳು. ಹೃದಯದ ರೋಗಿಗೆ ಅದು ಒಳ್ಳೆಯದಲ್ಲ. ಆಸ್ಪತ್ರೆಯ ಎದುರಿಗೇ ಒಂದು ಒಳ್ಳೆಯ ಲಾಡ್ಜ್ ಇದೆ, ಮೆಟ್ಟಿಲು ಹತ್ತಬೇಕಾಗಿಲ್ಲ. ನಾನೇ ಹೋಗಿ ಕೆಳಗಿನ ರೂಮು ನೋಡಿಕೊಂಡು ಬಂದಿದ್ದೇನೆ. ನೀವು ಬರುವ ದಿನ ಬೆಳಿಗ್ಗೆ ಎಂಟಕ್ಕೆ ನಾನು ಗೇಟಿನಲ್ಲಿ ನಿಂತಿರುತ್ತೇನೆ. ಹಳೆಯ ರಿಪೋರ್ಟು, ಈಸಿಜಿ ಒಂದನ್ನೂ ಬಿಡದೆ ತಾ. ರಕ್ತ ಪರೀಕ್ಷೆ ಇರುತ್ತದೆ, ಬೆಳಿಗ್ಗೆ ಅವರಿಗೆ ಚಹಾ ಕೂಡ ಕೊಡಬೇಡ. ಡಾಕ್ಟರ ಜೊತೆ ತೆಲುಗಿನಲ್ಲಿ ನಾನು ಮಾತಾಡುತ್ತೇನೆ. ಎಲ್ಲ ಮಾಡುತ್ತೇನೆ, ಮನೆಯೊಂದು ಬಿಟ್ಟು.

ಇದನ್ನು ಓದಿ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಕಾಣಿಸುತ್ತಿದೆ. ಆದರೆ ನಾನು ದಣಿದಿದ್ದೇನೆ, ಅಂಬೂ. ಇಪ್ಪತ್ತೆರಡು ವರ್ಷವಾಯಿತು ಇದು ಶುರುವಾಗಿ. ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು ಮೊದಲನೆಯದು. ಅವರು ಊರಿಗೆ ಹೋಗಿ ನನ್ನನ್ನು ಹೊಗಳಿದ್ದೇ ತಪ್ಪಾಯಿತು. ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ, ಹೈದರಾಬಾದಿಗೆ ಮೂರು ತಾಸು. ಹೀಗಾಗಿ ನಮ್ಮ ರಾಜ್ಯದವರು ನಮ್ಮ ಭಾಗಕ್ಕೆ ಕಟ್ಟಿಸದೆ ಬಿಟ್ಟ ದೊಡ್ಡಾಸ್ಪತ್ರೆಯನ್ನು ನಾನು ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿ ನಡೆಸಿದೆ. ಯಾರ ಕಿಡ್ನಿ, ಯಾರ ಗರ್ಭಕೋಶ, ಯಾರ ಮುರಿದ ಸೊಂಟ, ಹೆಸರಿಗಿಂತ ರೋಗದಿಂದಲೇ ನೆನಪಿದ್ದಾರೆ. ಬಂಡೆಪ್ಪಕಾಕಾ ಹೈದರಾಬಾದಿನ ನೀರು ಹಿಡಿಸುವುದಿಲ್ಲ ಎಂದು ಸೇಡಮ್ಮಿನಿಂದ ಒಂದು ಕ್ಯಾನು ನೀರು ಹೊತ್ತು ತಂದಿದ್ದರು. ಅವರಿಗೆ ಇದ್ದದ್ದು ಹೊಟ್ಟೆಯ ಸೋಂಕು. ಆ ಕ್ಯಾನಿನ ನೀರೇ ಕಾರಣ ಎಂದು ಡಾಕ್ಟರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದರೆ, “ಅಂವಾ ತೆಲುಗರಾಂವ, ನಮ್ಮ ನೀರಿನ ಮ್ಯಾಲ ಅವನಿಗಿ ಹೊಟ್ಟಿಕಿಚ್ಚು” ಎಂದರು.

ಸಾಬಮ್ಮ ನೆನಪಿದ್ದಾಳಲ್ಲ, ನಮ್ಮ ಹಿಂದಿನ ಓಣಿಯವಳು? ತಿಂಗಳು ಪೂರ್ತಿ ನಮ್ಮಲ್ಲಿದ್ದು ನಾನು ತಟ್ಟಿದ್ದನ್ನು ತಿಂದು, ಹೋಗುವ ದಿನ, “ಸಾವಿತ್ರಿ, ನಿನ್ನ ರೊಟ್ಟಿ ತೆಲುಗರ ರೊಟ್ಟಿ ಆಗ್ಯಾವ ನೋಡವ್ವ, ದಪ್ಪ” ಎಂದಳು. ಆಮೇಲೆ ನನ್ನ ಉಡಿ ತುಂಬಿ, ಹಸಿರು ಕುಪ್ಪಸದ ಖಣ ಇಟ್ಟು, ನನ್ನ ಎರಡೂ ಕೈ ಹಿಡಿದು ಅತ್ತಳು. ನಾನೂ ಅತ್ತೆ. ನಮ್ಮ ಜನ ಹೀಗೇ. ಬೈಯಲೂ ಬಿಡುವುದಿಲ್ಲ, ಪ್ರೀತಿಸಿ ಮುಗಿಸಲೂ ಬಿಡುವುದಿಲ್ಲ. ಗುಣವಾಗಿ ಹೋದವರು ಕೊಟ್ಟ ಖಣಗಳಿಂದ ಒಂದು ಟ್ರಂಕು ತುಂಬಿದೆ.

ಎರಡು ವರ್ಷದ ಹಿಂದೆ ನಿನ್ನ ಮಗನ ಮದುವೆಗೆ ಬಂದಾಗ ಆದದ್ದನ್ನು ನಿನಗೆ ಹೇಳಿರಲಿಲ್ಲ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಎಲೆಯ ಮೇಲೆ ಮಾದಲಿ ಬಿದ್ದಿತ್ತು, ಹಾಲು ಬರುವುದಿತ್ತು. ಎಷ್ಟು ವರ್ಷಕ್ಕೆ ಮಾದಲಿ ತಿನ್ನುತ್ತಿದ್ದೇನೆ ಎಂಬ ಸಂತೋಷದಲ್ಲಿ ಇದ್ದಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. “ಸಾವಿತ್ರಕ್ಕ, ಇದಿಷ್ಟು ನೋಡ್ರಿ” ಎಂದು ಪ್ಲಾಸ್ಟಿಕ್ ಚೀಲದಿಂದ ಎಕ್ಸ್‌ರೇ ತೆಗೆದರು. ಒಂದು ಕೈಯಲ್ಲಿ ಮಾದಲಿ, ಇನ್ನೊಂದು ಕೈಯಲ್ಲಿ ಯಾರದೋ ಬೆನ್ನಮೂಳೆ ಹಿಡಿದು ಪೆಂಡಾಲಿನ ದೀಪಕ್ಕೆ ಒಡ್ಡಿ ನೋಡಿದೆ. ನಾನು ಡಾಕ್ಟರಲ್ಲ ಎಂದರೆ ಯಾರು ಕೇಳುತ್ತಾರೆ? ಅವತ್ತು ಮೂರು ಜನ ಚೀಲ ಬಿಚ್ಚಿದರು. “ಹ್ಯಾಂಗಿದ್ದಿ” ಎಂದು ಕೇಳಿದವಳು ನೀನೊಬ್ಬಳೇ.

ಇಲ್ಲಿಯವರಿಗೆ ನಾನು ಕರ್ನಾಟಕದವಳು, ಅಲ್ಲಿಯವರಿಗೆ ಹೈದರಾಬಾದಿನಾಕಿ. ನವೆಂಬರಿನಲ್ಲಿ ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದೆ. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಹುಡುಗನೊಬ್ಬ ಬಹಳ ಮರ್ಯಾದೆಯಿಂದ, “ಆಂಟಿ, ತೆಲುಗಿನವರಾಗಿ ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ!” ಎಂದ. ನಕ್ಕುಬಿಟ್ಟೆ. ಬಸ್ಸಿನಲ್ಲಿ ಬರುವಾಗ ನಗು ಬರಲಿಲ್ಲ. ಯಾವ ರಾಜ್ಯದ ರೋಗಿಗಳಿಗೆಲ್ಲ ಗಂಜಿ ಕಾಯಿಸಿದೆನೋ ಆ ರಾಜ್ಯದವನೇ ನನ್ನನ್ನು ಗುರುತಿಸಲಿಲ್ಲವಲ್ಲ ಎಂದು ಬೇಸರವಾಯಿತು. ಹಾಗೆಂದು ಮಾರನೇ ವಾರ ಊರಿನಿಂದ ಫೋನ್ ಬಂದರೆ ಇಲ್ಲ ಎನ್ನಲು ಬಾಯಿ ಬಂತೇ? ಇಲ್ಲ. ಸಂಕ್ರಾಂತಿಗೆ ಚಂದ್ರಾಮ ಬಂದ, ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ನಮ್ಮ ಓಣಿಯ ಚಂದ್ರಾಮ. ಜೊತೆಗೆ ಹೆಂಡತಿ ಯಂಕಮ್ಮ. ಹತ್ತು ದಿನ ಇದ್ದು ಹೋದರು. ಸದ್ಯಕ್ಕೆ ನಮ್ಮ ಮನೆಯ ಕೊನೆಯ ರೋಗಿ ಅವನೇ.

ಸಾಕು, ಬರೀ ನನ್ನ ಗೋಳಾಯಿತು. ನೀನು ಧೈರ್ಯವಾಗಿರು. ಹೃದಯದ ಕೆಲಸದಲ್ಲಿ ಇಲ್ಲಿಯ ಡಾಕ್ಟರುಗಳ ಕೈಗುಣ ಒಳ್ಳೆಯದು. ಚನ್ನಬಸಪ್ಪಣ್ಣನವರಿಗೆ ನಾನು ಕೈಮುಗಿದೆನೆಂದು ತಿಳಿಸು, ಅವರು ನೂರು ವರ್ಷ ನಿನ್ನ ಜೊತೆ ಜಗಳ ಆಡಿಕೊಂಡಿರಲಿ. ನಿನ್ನ ಸೊಸೆಗೆ, ಹೊಟ್ಟೆಯಲ್ಲಿರುವ ಕೂಸಿಗೆ ನನ್ನ ಆಶೀರ್ವಾದ. ಪುಂಡಿಪಲ್ಯದ ಎಣ್ಣೆಯ ಮಾತನ್ನು ಅವಳು ಮರೆಯಲಿ.

ನಿನ್ನ
ಸಾವಿತ್ರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಟೈಲ್ಸ್ ಇಲ್ಲ, ಅಂಬೂ. ಸಿಮೆಂಟೂ ಇಲ್ಲ. ನಿನಗೆ ಸುಳ್ಳು ಬರೆದು ಪತ್ರ ಹಾಕಲು ಕೈ ಬರಲಿಲ್ಲ.

ಚಂದ್ರಾಮನಿಗೆ ಕಿಡ್ನಿಯಲ್ಲಿ ಹರಳು. ಸಂಕ್ರಾಂತಿ ಕಳೆದ ಮಂಗಳವಾರ ಅವನನ್ನೂ ಯಂಕಮ್ಮನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆ. ಬಿಲ್ಲು ಕಟ್ಟುವ ಜಾಗದಲ್ಲಿ ಕುರ್ಚಿಯ ಮೇಲೆ ವಿಜಯಶ್ರೀ ಕೂತಿದ್ದಳು. ಪಕ್ಕದಲ್ಲಿ ಅವಳ ಹಾಸ್ಟೆಲಿನ ಗೆಳತಿ ದಾನೇಶ್ವರಿ, ಬೀದರಿನ ಹುಡುಗಿ. “ನೀ ಇಲ್ಲೇನ?” ಎಂದೆ. ವಿಜಯಶ್ರೀ ಸಣ್ಣಗೆ ನಕ್ಕು, “ಇವತ್ತು ನಿನ್ನ ಪೇಷಂಟ್ ಯಾರಮ್ಮ?” ಎಂದು ಕೇಳಿದಳು.

ನಾನು ಹೇಳಿದೆ. ಎಲ್ಲಾ ಹೇಳಿದೆ. ಎಡಗಡೆಯ ಕಿಡ್ನಿ, ಎಂಟು ಮಿಲಿಮೀಟರು, ಎರಡು ದಿನದಿಂದ ಜ್ವರ, ಸ್ಕ್ಯಾನಿನಲ್ಲಿ ಹೀಗೆ ಬಂದಿದೆ ಎಂದು ನಿಂತಲ್ಲೇ ಪೂರ್ತಿ ಒಪ್ಪಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಅಣ್ಣಗ ನೀರು ಭಾಳ ಕುಡಿಸ್ರಿ” ಎಂದು ಯಂಕಮ್ಮನಿಗೆ ಹೇಳಿದಳು. ಯಾರನ್ನೋ ನೋಡಲು ಬಂದಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಚಂದ್ರಾಮನ ನಂಬರು ಕೂಗಿದರು. “ಇಲ್ಲೇ ಕೂತಿರು, ಬಂದೆ” ಎಂದು ಒಳಗೆ ಹೋದೆ. ಹೊರಗೆ ಬಂದಾಗ ಅವರಿಬ್ಬರೂ ಆಟೋ ಹತ್ತುತ್ತಿದ್ದರು. ಅವಳು ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು, ಬಗ್ಗಿ, ಮುದುಕಿಯ ಹಾಗೆ ನಿಧಾನಕ್ಕೆ ಹತ್ತುತ್ತಿದ್ದಳು. ಆ ಕೈಯ ಮೇಲೆ ಸಲಾಯಿನ್ ಸೂಜಿ ತೆಗೆದ ಜಾಗಕ್ಕೆ ಹತ್ತಿ, ಪಟ್ಟಿ ಅಂಟಿಸಿತ್ತು. ಇಪ್ಪತ್ತೆರಡು ವರ್ಷ ಆ ಪಟ್ಟಿ ನೋಡಿದವಳು ನಾನು. ಕೂಗುವುದರೊಳಗೆ ಆಟೋ ಹೋಯಿತು.

ಸಂಜೆ ದಾನೇಶ್ವರಿ ಫೋನಿನಲ್ಲಿ ಹೇಳಿದಳು. ಅಪೆಂಡಿಕ್ಸ್, ಆಪರೇಷನ್, ನಾಲ್ಕು ದಿನ ಅಲ್ಲೇ ಮಲಗಿದ್ದಳು. “ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲರಿ ಆಂಟಿ. ಫಾರಂದಾಗ ಸಂಬಂಧಿಕರು ಅಂತ ಇದ್ದಲ್ಲೆ ನನ್ನ ಹೆಸರೇ ಬರದಾಳ್ರಿ.” ಊರಿಗೆಲ್ಲ ಆ ಫಾರಂ ತುಂಬಿಕೊಟ್ಟವಳು ನಾನು.

ವಿಜಯಶ್ರೀ ಹನ್ನೆರಡು ವರ್ಷದವಳಿದ್ದಾಗ ಒಮ್ಮೆ ಹೊಟ್ಟೆನೋವು ಎಂದು ಅತ್ತಿದ್ದಳು. ಆ ದಿನ ಊರವರ ಕೋಣೆಯಲ್ಲಿ ಹೊಟ್ಟೆ ಕೊಯ್ಸಿಕೊಂಡವರೊಬ್ಬರು ಮಲಗಿದ್ದರು. “ಅಲ್ಲಿ ನೋಡು, ಅದಕ್ಕ ಅಂತಾರ ಹೊಟ್ಟಿನೋವು” ಎಂದೆ. ಅಂಬೂ, ಅದು ಅವಳ ಕೋಣೆ. ಅವಳ ಮಂಚ. ಹತ್ತನೇ ಇಯತ್ತೆಯ ಪರೀಕ್ಷೆಗೆ ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಲ್ಲಿ ಕೂತು ಓದಿದಳು. ಬಂದವರೆಲ್ಲ ಹುಡುಗಿಗೆ ಸೊಕ್ಕು, ಮಾತಾಡುವುದಿಲ್ಲ ಎಂದರು. ನೀನೂ ಅಂದಿದ್ದೆ. ನಾನು ಹೌದೆಂದು ನಕ್ಕಿದ್ದೆ.

ಮಾರನೇ ದಿನ ಹಾಸ್ಟೆಲಿಗೆ ಹೋಗಿ, ಯಾಕ ಹೇಳಲಿಲ್ಲ ಎಂದು ಕೇಳಿದೆ. ಅವಳಿಗೆ ಸಿಟ್ಟೇ ಇರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. “ಕೋಣ್ಯಾಗ ಚಂದ್ರಾಮಣ್ಣ ಇದ್ದನಲ್ಲಮ್ಮ, ನಾ ಬಂದು ಎಲ್ಲಿ ಮಲಗಬೇಕಿತ್ತು?” ಎಂದಳು.

ಚಂದ್ರಾಮ ಹೋದ ದಿನವೇ ನಮ್ಮನೆಯವರು ಹೆಚ್ಚಿನ ಮಂಚ ಮಾಳಿಗೆಗೆ ಹೊತ್ತರು. ನಾನು ಕೋಣೆ ತೊಳೆದು, ಗೋಡೆಗೆ ಹತ್ತಿದ್ದ ಮುಲಾಮಿನ ಕಲೆ ಉಜ್ಜಿ, ಅವಳ ಮಂಚ ಕಿಟಕಿಯ ಹತ್ತಿರ ಹಾಕಿದೆ. ನೀನು ಕಳಿಸಿದ ಶೇಂಗಾ ಹಿಂಡಿ ಅರ್ಧ ಡಬ್ಬಿ ಎತ್ತಿಟ್ಟಿದ್ದೇನೆ, ಊರಿನದರಲ್ಲಿ ಅವಳು ಬಾಯಿಬಿಟ್ಟು ಕೇಳುತ್ತಿದ್ದದ್ದು ಅದೊಂದೇ. ಭಾನುವಾರ ಬರುತ್ತೇನೆ ಎಂದಿದ್ದಳು. ಮೂರು ಭಾನುವಾರ ಕಳೆದವು. ನಿನ್ನೆ ಫೋನಿನಲ್ಲಿ, “ಈಗ ಮನ್ಯಾಗ ಯಾರದಾರ?” ಎಂದು ಕೇಳಿದಳು. “ಯಾರೂ ಇಲ್ಲವ್ವ” ಎಂದೆ. ನಕ್ಕಳು. ನಂಬಲಿಲ್ಲ.

ಅವಳು ಯಾವತ್ತಾದರೂ ಒಂದು ದಿನ ಹೇಳದೆ ಕೇಳದೆ ಬಂದು ಬಾಗಿಲು ತಳ್ಳಿ ನೋಡಬಹುದು. ಅವತ್ತು ಆ ಕೋಣೆ ಖಾಲಿ ಇರಬೇಕು, ಅಂಬೂ.