ಅಕ್ಕನ ಕಣ್ಣು ಮುಚ್ಚಿದ್ದು

ಬೊಲೊನ್ಯಾ
ಸಂತ ಮಾರ್ತಿನರ ಹಬ್ಬದ ಮಾರನೆಯ ದಿನ, ೧೫೯೩

ಪ್ರೀತಿಯ ಅಮ್ಮನಿಗೆ ಜಿನೆವ್ರಾಳ ನಮಸ್ಕಾರಗಳು.

ಫೆರಾರಾದ ಗಾಳಿ ನಿನ್ನ ಎದೆಗೆ ಒಗ್ಗಿದೆಯೆಂದು ಮಾಮ ಬರೆದಿದ್ದಾನೆ. ಅದರ ಕೆಳಗೆ ನಿನ್ನ ಕೈಬರಹದ ಒಂದೇ ಸಾಲು: ಲೌದೊಮಿಯಾಳ ಮುಖ ಅಳಿಸಿದರಂತೆ, ನಿಜವೇ? ನಾನು ಹೇಗಿದ್ದೇನೆಂದು ನೀನು ಕೇಳಿಲ್ಲ. ಇರಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಗರ್ಜಿಯ ಆ ಚಿತ್ರಕ್ಕಾಗಿ ಅಪ್ಪನಿಗೂ ಲೌದೊಮಿಯಾ ಅಕ್ಕನಿಗೂ ನಡೆದ ಜಗಳ ನಿನಗೆ ಗೊತ್ತೇ ಇದೆ. ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಸುತ್ತ ಅಳುವ ಹೆಂಗಸರಿಗೆ ಅಪ್ಪ ಎಂದಿನಂತೆ ಅಜ್ಜನ ಕಾಲದ ಮಾದರಿ ಹಾಳೆಗಳನ್ನೇ ಕೊಟ್ಟಿದ್ದರು. ಅಕ್ಕ ಅವನ್ನು ಪಕ್ಕಕ್ಕಿಟ್ಟು ಕನ್ನಡಿ ತಂದಳು. ಆ ಅಳುವ ಮೇರಿಯರಲ್ಲಿ ಒಬ್ಬಳಿಗೆ ತನ್ನದೇ ಮುಖ ಕೊಟ್ಟು, ಆ ಕಣ್ಣುಗಳನ್ನು ನಮ್ಮ ಕಡೆ ತಿರುಗಿಸಿದಳು.

“ಚಿತ್ರದಲ್ಲಿರೋರು ಕ್ರಿಸ್ತನನ್ನ ನೋಡ್ಬೇಕು, ನಮ್ಮನ್ನಲ್ಲ,” ಎಂದು ಅಪ್ಪ ಗದರಿದ್ದರು.

“ಅಳೋರೆಲ್ಲ ಒಂದೇ ಥರ ಅಳ್ತಾರಾ ಅಪ್ಪ? ನಾನು ಅತ್ರೆ ಹೀಗೆ ಕಾಣ್ತೀನಿ,” ಎಂದಳು ಅವಳು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜ್ವರ ಬಂತು, ಅವಳು ಹೋದಳು. ನೀನು ಫೆರಾರಾಕ್ಕೆ ಹೋದೆ. ಆಮೇಲಿನದು ನಿನಗೆ ಗೊತ್ತಿಲ್ಲ.

ಮೊದಲು ಹೇಳಿದವಳು ಅಗಸಗಿತ್ತಿ ಬೆತ್ತಾ. ಇಗರ್ಜಿಯಲ್ಲಿ ಯಾವ ಮೂಲೆಗೆ ಹೋದರೂ ಚಿತ್ರದ ಹುಡುಗಿಯ ಕಣ್ಣು ಹಿಂದೆಯೇ ಬರುತ್ತದೆ ಎಂದಳು. ನಕ್ಕವರೂ ಹೋಗಿ ನೋಡಿದರು, ಬೆವರಿ ಬಂದರು. ದಿನ ಕಳೆದಂತೆ ಹೆಂಗಸರು ಅವಳ ಮುಂದೆ ಮೇಣದಬತ್ತಿ ಹಚ್ಚತೊಡಗಿದರು. ಗಂಡ ಹೊಡೆದದ್ದು, ಕೂಸು ಸತ್ತದ್ದು, ಪಾದ್ರಿಗೆ ಹೇಳಲಾಗದ್ದನ್ನೆಲ್ಲ ಅವಳಿಗೆ ಹೇಳಿಕೊಂಡರು. ಸಂತರನ್ನು ಕೇಳುವವರೇ ಇಲ್ಲದಂತಾಯಿತು.

ಮನೆಯಲ್ಲೂ ಅವಳೇ. ಮಾಳಿಗೆಯಲ್ಲಿ ಬಣ್ಣ ಅರೆಯುವ ಸದ್ದು ಕೇಳುತ್ತದೆಂದು ಅಪ್ಪ ಊಟದ ಮಧ್ಯೆ ಎದ್ದು ಹೋಗುತ್ತಾರೆ. ಯಾರೂ ಇಲ್ಲ ಎಂದು ನಾನು ಹೇಳುವುದಿಲ್ಲ. ನನಗೂ ಕೇಳುತ್ತದೆ.

ಕೊನೆಗೆ ಪಾದ್ರಿ ತದ್ದೇಯೊ ಮನೆಗೆ ಬಂದರು. ಮಂದಿ ಚಿತ್ರಕಾರನ ಮಗಳಿಗೆ ಕೈಮುಗಿಯುತ್ತಿದ್ದಾರೆ, ಮೇಲಿನವರಿಗೆ ದೂರು ಹೋಗಿದೆ, ಮುಖ ಬದಲಿಸದಿದ್ದರೆ ಚಿತ್ರವನ್ನೇ ಸುಡುತ್ತಾರೆ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಅವರನ್ನೂ ಅವಳು ನೋಡಿರಬೇಕು.

ಅಪ್ಪ ಇಗರ್ಜಿಗೆ ಹೋಗಿ ಅಟ್ಟಣಿಗೆ ಹತ್ತಿದರು. ಕುಂಚ ಹಿಡಿದು ಬಹಳ ಹೊತ್ತು ನಿಂತರು. ಮುಟ್ಟದೆಯೇ ಇಳಿದು ಬಂದು ಕುಂಚವನ್ನು ನನ್ನ ಕೈಗಿಟ್ಟರು.

“ನೀನೇ ಮಾಡು. ನಿಂಗೆ ಅವಳ ಕೈ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೆ ಬರೀತೀಯ.”

ಅಮ್ಮ, ಅವಳು ಬದುಕಿದ್ದಾಗಲೂ ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಉಸಿರು ತಾಗುವಷ್ಟು ಹತ್ತಿರ. ಸತ್ತ ಮೇಲೆ ಅವಳ ಕಣ್ಣು ಮುಚ್ಚಲು ನೀನು ಯಾರನ್ನೂ ಬಿಡಲಿಲ್ಲ. ಅರೆ ತೆರೆದ ಕಣ್ಣಲ್ಲೇ ಅವಳನ್ನು ಮಣ್ಣಿಗೆ ಕೊಟ್ಟೆವು. ಮಾದರಿ ಹಾಳೆಯ ಮುಖ ಬರೆಯಲು ನನ್ನಿಂದಾಗಲಿಲ್ಲ. ಬಿಳಿಗೆ ಒಂದಿಷ್ಟು ಕಾವಿ ಬೆರೆಸಿ, ಎರಡು ರೆಪ್ಪೆಗಳನ್ನು ಮಾತ್ರ ಕೆಳಗಿಳಿಸಿದೆ. ಬಲಗಣ್ಣು ಮೊದಲು, ಆಮೇಲೆ ಎಡಗಣ್ಣು. ಕೆಳಗಿಳಿದ ಮೇಲೆ ಅತ್ತುಬಿಟ್ಟೆ.

ಪಾದ್ರಿಗೆ ಅಷ್ಟು ಸಾಕಾಯಿತು. ಬೆತ್ತಾ ಬಂದು ನೋಡಿ, “ಪಾಪ, ನಿದ್ದೆ ಬಂತು ಕಣೇ ಅವಳಿಗೆ,” ಎಂದು ತನ್ನ ಮೇಣದಬತ್ತಿಯನ್ನು ನಂದಿಸಿ ಎತ್ತಿಕೊಂಡು ಹೋದಳು. ಆದ್ದರಿಂದ ಅಳಿಸಿದರು ಎಂಬುದು ಸುಳ್ಳು. ಮುಖ ಹಾಗೇ ಇದೆ. ನೀನು ಬಂದು ನೋಡಬಹುದು, ಅವಳು ನಿನ್ನನ್ನು ನೋಡುವುದಿಲ್ಲ.

ಬಣ್ಣ ಉಳಿದಿತ್ತು. ಚಿತ್ರದೊಳಗೆ ಹಿಂದಿನ ಕತ್ತಲಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸಿದ್ದಳಲ್ಲ, ಅಪ್ಪ ಬರೀ ಶಾಲು ಬರೆದು ಬಿಟ್ಟಿದ್ದರು. ಅವಳನ್ನು ಈಚೆ ತಿರುಗಿಸಿ ಒಂದು ಮುಖ ಕೊಟ್ಟೆ. ಅಲ್ಲಿ ಯಾರನ್ನು ನಿಲ್ಲಿಸಿದೆ ಎಂದು ಅಪ್ಪ ಕೇಳಿದರು. ಯಾರೂ ಅಲ್ಲ ಎಂದೆ. ಅವರು ಒಪ್ಪಿಕೊಂಡರು.

ಚಳಿ ಏರುವ ಮೊದಲು ಬಂದುಬಿಡು. ಮಾಮನಿಗೆ ನಮಸ್ಕಾರ ತಿಳಿಸು.

ನಿನ್ನ ಕಿರಿಮಗಳು,
ಜಿನೆವ್ರಾ

ತಾ. ಕ.: ಆ ಶಾಲಿನ ಹೆಂಗಸು ನೇರ ನಮ್ಮನ್ನೇ ನೋಡುತ್ತಾಳೆ. ಪಾದ್ರಿ ದಿನಾ ಅವಳೆದುರು ನಿಂತು ಪೂಜೆ ಮಾಡುತ್ತಾರೆ, ಅಪ್ಪ ಭಾನುವಾರ ಅವಳೆದುರು ಮಂಡಿಯೂರುತ್ತಾರೆ. ಇವಳು ಯಾರೆಂದು ಇನ್ನೂ ಒಬ್ಬರೂ ಗುರುತಿಸಿಲ್ಲ. ಅಕ್ಕನ ಕನ್ನಡಿ ಈಗ ನನ್ನ ಹತ್ತಿರ ಇದೆ, ಅಮ್ಮ. ನೀನು ಬಂದಾಗ ಏನೂ ಹೇಳಿಕೊಡುವುದಿಲ್ಲ. ಸುಮ್ಮನೆ ನಿನ್ನ ಪಕ್ಕ ನಿಂತಿರುತ್ತೇನೆ.