ಪ್ಯಾಂಥರ್‌ಗಳ ಜೊತೆ ಮೂರು ತಿಂಗಳು

ನೌಪಾಡಾ, ಠಾಣೆ
12 ಫೆಬ್ರವರಿ 2014

ಪ್ರೀತಿಯ ತಂಗಿ ಬಾಗಿಗೆ,

ಅಕ್ಕನ ಮನಸಾರೆ ಆಶೀರ್ವಾದ. ಇಲ್ಲಿ ಮೂವರೂ ಆರಾಮ ಇದ್ದೇವೆ. ನನ್ನ ಎರಡೂ ಕಾಲಿನ ಹೆಬ್ಬೆರಳಿನ ಉಗುರು ಮಾತ್ರ ಕಪ್ಪಾಗಿದೆ, ಯಾಕೆ ಅಂತ ಹೇಳುತ್ತೇನೆ. ನೀನು ಕಳಿಸಿದ ಹಲಸಿನ ಹಪ್ಪಳ ದೀಪಾವಳಿಗೇ ಬಂದು ತಲುಪಿತು. ತಲುಪಿತು ಎಂದು ಬರೆಯಲಿಕ್ಕೆ ನನಗೆ ಫೆಬ್ರವರಿ ಆಯಿತು. ಅಕ್ಕನಿಗೆ ಮುಂಬಯಿಯ ಜಂಬ ಎಂದು ನೀನು ಕುಶಲನ ಹತ್ತಿರ ಹೇಳಿರುತ್ತೀ, ನನಗೆ ಗೊತ್ತುಂಟು. ಕಟ್ಟಿಕೊಂಡ ಗಂಡನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಹೇಳುವುದು ಪಾಪ. ಕ್ಷಮಿಸು, ತಪ್ಪು ನನ್ನದೇ.

ಫೋನ್ ಮಾಡಬಹುದಿತ್ತು. ಆದರೆ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನು ಫೋನ್ ಹಿಡಿದ ಕೂಡಲೇ ಟೀವಿಯ ವಾಲ್ಯೂಮ್ ಅದರಷ್ಟಕ್ಕೆ ಇಳಿಯುತ್ತದೆ. ನಿನ್ನ ಭಾವನ ಕಿವಿ ಅಷ್ಟು ಚುರುಕು. ಅದಕ್ಕೇ ಮಗಳು ಅನುಷ್ಕಾಳ ಹಳೇ ಕಾಲೇಜು ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಓದಿಯಾದ ಮೇಲೆ ಬಚ್ಚಲ ಒಲೆಗೆ ಹಾಕು.

ವಿಷಯ ಎಂತ ಅಂದರೆ, ನಿನ್ನ ಭಾವ ಓಡಲಿಕ್ಕೆ ಶುರು ಮಾಡಿ ಎಂಟು ತಿಂಗಳಾಯಿತು. ನಗಬೇಡ. ಮೊಸರು ಮುಗಿದಿದೆ ಎಂದರೆ ಕೆಳಗಿನ ಅಂಗಡಿಗೆ ಇಳಿಯದ ಮನುಷ್ಯ. ಲಿಫ್ಟ್ ಕೆಟ್ಟ ದಿನ ಆಫೀಸಿಗೆ ರಜೆ ಹಾಕಿದ ಮನುಷ್ಯ. ವಾಗ್ಳೆ ಎಸ್ಟೇಟಿನ ಅವರ ಕಂಪನಿಯವರು ಎಲ್ಲರ ರಕ್ತ ತೆಗೆಸಿ ನೋಡಿದಾಗ ಇವರ ಕೊಲೆಸ್ಟರಾಲ್ ಜಾಸ್ತಿ ಬಂತು. ಮರುದಿನವೇ ಹೋಗಿ ರಿತೇಶ್ ಎಂಬವನು ನಡೆಸುವ ಓಟದ ಗುಂಪಿಗೆ ಸೇರಿದರು. ಅವನನ್ನು ಕೋಚ್ ಎನ್ನಬೇಕಂತೆ. ಮೈಗೆ ಅಂಟಿದ ಬನಿಯನ್ನು, ಕೊರಳಲ್ಲಿ ಸೀಟಿ. ನಮ್ಮ ಶಾಲೆಯ ಡ್ರಿಲ್ ಮಾಸ್ತರರು ಮಾಡುತ್ತಿದ್ದದ್ದನ್ನೇ ಇವನು ಇಂಗ್ಲಿಷಿನಲ್ಲಿ ಮಾಡುತ್ತಾನೆ, ಬೇರೆ ಏನಿಲ್ಲ.

ಗುಂಪಿನ ಹೆಸರು ಕೇಳು: ನೌಪಾಡಾ ಪ್ಯಾಂಥರ್ಸ್. ಪ್ಯಾಂಥರ್ ಅಂದರೆ ಕರಿಚಿರತೆ. ಹನ್ನೊಂದು ಚಿರತೆಗಳು, ಅದರಲ್ಲಿ ಏಳಕ್ಕೆ ತಮ್ಮ ಪಾದ ತಮಗೆ ಕಾಣದೆ ಎಷ್ಟೋ ವರ್ಷವಾಗಿದೆ. ಬೆಳಿಗ್ಗೆ ತಲಾವ್‌ಪಾಳಿ ಕೆರೆಯ ಸುತ್ತ ಓಡುವುದು, ಓಡಿದ್ದಕ್ಕಿಂತ ಜಾಸ್ತಿ ಹೊತ್ತು ಫೋಟೋ ತೆಗೆಯುವುದು. ಅವರಲ್ಲೊಬ್ಬರು ಕೈಗಡಿಯಾರದ ಗುಂಡಿ ಒತ್ತಲಿಕ್ಕೆ ಮರೆತು ಎರಡು ಕಿಲೋಮೀಟರ್ ಓಡಿದರಂತೆ. ಮತ್ತೆ ಮೊದಲಿನಿಂದ ಓಡಿದರು. ಗಡಿಯಾರಕ್ಕೆ ಗೊತ್ತಾಗದ ಓಟ ಲೆಕ್ಕಕ್ಕಿಲ್ಲವಂತೆ. ಓಡಿಯಾದ ಮೇಲೆ ಎಲ್ಲರೂ ಹೋಟೆಲಿಗೆ ನುಗ್ಗಿ ಎರಡೆರಡು ಪ್ಲೇಟ್ ಉದ್ದಿನ ವಡೆ, ಮೇಲಿಂದ ಶಿರಾ. ಮನೆಗೆ ಬಂದು ನನ್ನ ಹತ್ತಿರ ಗಂಭೀರವಾಗಿ, "ನನಗೆ ಓಟ್ಸ್ ಮಾತ್ರ ಸಾಕು." ಬನಿಯನ್ನಿನ ಮೇಲಿನ ಚಟ್ನಿಯ ಕಲೆ ಒಗೆಯುವವಳು ನಾನೇ ಎಂಬುದು ಇವರಿಗೆ ಇವತ್ತಿಗೂ ಹೊಳೆದಿಲ್ಲ. ಇವರ ಶೂಸ್ ಬಾಲ್ಕನಿಯ ಬಿಸಿಲು ಹಿಡಿದುಕೊಂಡ ಮೇಲೆ ನಿನ್ನ ಹಪ್ಪಳವನ್ನು ನಾನು ಫ್ಯಾನಿನ ಗಾಳಿಗೆ ಒಣಗಿಸಿದ್ದೇನೆ.

ಹೀಗೆ ದೂರದಿಂದ ನೋಡಿ ನಗಾಡಿಕೊಂಡು ಇದ್ದವಳು ನಾನು. ನವರಾತ್ರಿ ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ನನ್ನ ಸಕ್ಕರೆ ಇನ್ನೂರ ನಲವತ್ತು, ತೂಕ ಎಪ್ಪತ್ನಾಲ್ಕು. ಡಾಕ್ಟರ್ ಬಾಯಿ ಕನ್ನಡಕದ ಮೇಲಿಂದ ನೋಡಿ, "ಕಾಕೂ, ಆಧೀ ಚಾಲಾ, ಮಗ್ ಧಾವಾ. ನಾಹೀತರ್ ಇನ್ಸುಲಿನ್" ಎಂದಳು. ಮೊದಲು ನಡಿ, ಆಮೇಲೆ ಓಡು, ಇಲ್ಲದಿದ್ದರೆ ಸೂಜಿ. ಅವಳೇ ಎಂಬತ್ತು ಕಿಲೋ ಇದ್ದಾಳು.

ನಿನ್ನ ಹತ್ತಿರ ಎಂತಕ್ಕೆ ಮುಚ್ಚಿಡಲಿ, ನನಗೆ ಒಳಗಿಂದ ಖುಷಿಯೇ ಆಯಿತು. ಮದುವೆಯಾಗಿ ಇಪ್ಪತ್ತೇಳು ವರ್ಷ. ಇವರು ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಬರುವವರು, ಭಾನುವಾರ ಸಂಘದ ಮೀಟಿಂಗು. ನಾವಿಬ್ಬರೂ ಜೊತೆಯಾಗಿ ಹೋದದ್ದು ಮದುವೆ ಮನೆಗೆ, ಇಲ್ಲದಿದ್ದರೆ ಆಸ್ಪತ್ರೆಗೆ. ಇನ್ನು ದಿನಾ ಬೆಳಿಗ್ಗೆ ಇವರ ಜೊತೆ ಕೆರೆಗೆ ಸುತ್ತು ಹಾಕಬಹುದು, ಬರುವಾಗ ರಸ್ತೆ ಬದಿಯಲ್ಲಿ ನಿಂತು ಒಂದೊಂದು ಕಟಿಂಗ್ ಚಾ ಕುಡಿಯಬಹುದು ಎಂದುಕೊಂಡೆ. ಸಕ್ಕರೆ ಇಳಿಯುವುದಕ್ಕಿಂತ ಆ ಆಸೆಯೇ ನನಗೆ ದೊಡ್ಡದಾಗಿತ್ತು.

ಕೇಳಿದೆ. "ನಿನಗೆ ಎಂತ ಮರ್ಲಾ? ಅಲ್ಲಿ ಎಲ್ಲ ಸೀರಿಯಸ್ ರನ್ನರ್ಸ್. ನೀನು ಬೇಕಾದರೆ ಕಂಪೌಂಡಿನಲ್ಲಿ ಓಡು" ಎಂದರು.

ಓಡಿದೆ. ಹಳೇ ಚೂಡಿದಾರ್ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಕಟ್ಟಿಕೊಂಡು, ಬಾತ್‌ರೂಮ್ ಚಪ್ಪಲಿಯಲ್ಲಿ. ವಾಚ್‌ಮನ್ ಕುರ್ಚಿಯಿಂದ ಧಡಕ್ಕನೆ ಎದ್ದು, "ಕ್ಯಾ ಹುವಾ ಆಂಟೀ, ಕೌನ್ ಗುಜರ್ ಗಯಾ?" ಎಂದು ಕೇಳಿದ. ಯಾರೂ ಸತ್ತಿಲ್ಲ ಎಂದು ಅವನಿಗೆ ಹೇಳಿ ಮುಗಿಸುವಷ್ಟರಲ್ಲಿ ಎರಡನೇ ಮಾಳಿಗೆಯ ಚಂದ್ರಬಾಯಿ ಕಿಟಕಿಯಿಂದ ತಲೆ ಹಾಕಿ, ಗ್ಯಾಸ್ ಲೀಕಾ, ನಾವೂ ಇಳಿಯಬೇಕಾ ಎಂದಳು. ಒಂದು ವಾರದಲ್ಲಿ ಇಡೀ ಬಿಲ್ಡಿಂಗಿಗೆ ನಾನು ಪುಕ್ಕಟೆ ನಾಟಕವಾದೆ.

ಕೊನೆಗೆ ಅನುಷ್ಕಾಳಿಗೆ ಸಿಟ್ಟು ಬಂತು. ನಮ್ಮ ಮಗಳಿಗೆ ನಾನು ಕನ್ನಡದಲ್ಲಿ ಹೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು, ನಿನಗೆ ಗೊತ್ತಲ್ಲ. "ಮಮ್ಮೀ, ತುಮ್ ಬಿಂದಾಸ್ ಜಾವೋ. ತಲಾವ್ ಪಪ್ಪಾ ಕಾ ಹೈ ಕ್ಯಾ?" ನೀನು ಧೈರ್ಯವಾಗಿ ಹೋಗು, ಕೆರೆ ಏನು ಅಪ್ಪನದಾ ಅಂತ! ತನ್ನ ಸಂಬಳದಿಂದ ನನಗೊಂದು ಜೊತೆ ಶೂಸ್ ತಂದಳು, ಗುಂಪಿಗೆ ಸೇರುವ ಫಾರ್ಮನ್ನೂ ತಾನೇ ತುಂಬಿದಳು. ಅದನ್ನು ನೋಡಿ ನಿನ್ನ ಭಾವ, "ಕೊಡು, ನಾನೇ ಅಲ್ಲಿ ಹೇಳಿಡುತ್ತೇನೆ. ಆದರೆ ನಂದು ಸೀನಿಯರ್ ಬ್ಯಾಚ್, ನಾನು ಬೇಗ ಹೋಗಬೇಕು. ನೀನು ಹಿಂದಿನಿಂದ ರಿಕ್ಷಾ ಹಿಡಿದು ಬಾ" ಎಂದರು. ಹಾಗೆ ಒಂದೇ ಮನೆಯಿಂದ, ಒಂದೇ ಕೆರೆಗೆ, ಇವರು ಐದೂವರೆಗೆ ಸ್ಕೂಟರಿನಲ್ಲಿ, ನಾನು ಆರಕ್ಕೆ ರಿಕ್ಷಾದಲ್ಲಿ. ಬರುವಾಗಲೂ ಬೇರೆ ಬೇರೆ, ಯಾಕೆಂದರೆ ಇವರಿಗೆ ವಡೆ ಕಾಯುತ್ತಿರುತ್ತದೆ. ಆದರೂ ಕೆರೆಯಾದರೂ ಒಂದೇ ಅಲ್ಲವಾ ಎಂದು ಸಮಾಧಾನ ಮಾಡಿಕೊಂಡೆ.

ಹೊಸಬರು ನಾವಿಬ್ಬರೇ: ನಾನು, ಮತ್ತೆ ಮಾನಸಿ ಎಂಬ ಬ್ಯಾಂಕಿನ ಹುಡುಗಿ. ಮದುವೆಯ ಬ್ಲೌಸು ಹಿಡಿಸಬೇಕು ಎಂದು ಬಂದವಳು. ಅವಳಿಗಿರುವ ಮೈಗೆ ಬ್ಲೌಸಿನಲ್ಲಿ ಇನ್ನೊಬ್ಬಳು ಹಿಡಿಸುತ್ತಿದ್ದಳು. ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ ಎಂದ ರಿತೇಶ್. ಒಂದು ನಿಮಿಷ ಎಂದರೆ ಎಷ್ಟು ಉದ್ದ ಎಂದು ನನಗೆ ಐವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲಿ, ಬಾಯಲ್ಲಿ ಕಬ್ಬಿಣದ ರುಚಿ, ಹೊಟ್ಟೆ ಒಂದು ಕಡೆ ಹೋದರೆ ನಾನು ಇನ್ನೊಂದು ಕಡೆ. ಬೆಂಚಿನ ಮೇಲೆ ಕೂತ ಮುದುಕರು ಪೇಪರ್ ಇಳಿಸಿ ನೋಡಿದರು. ನಾನು ಹಿಟ್ಟಿನ ಗೋಣಿ ಉರುಳಿಸಿದ ಹಾಗೆ ಕಂಡಿರಬೇಕು. ರಿತೇಶ್ ಹಿಂದೆ ಹಿಂದೆ ಓಡುತ್ತಾ, "ಆಂಟೀ, ಲಿಸನ್ ಟು ಯುವರ್ ಬಾಡಿ" ಎಂದ. ಅದು ಇಪ್ಪತ್ತೇಳು ವರ್ಷದಿಂದ ಬೊಬ್ಬೆ ಹಾಕುತ್ತಿದೆ, ಕೇಳುವವರು ಯಾರಿದ್ದರು ಮಾರಾಯಾ ಎಂದು ಹೇಳಬೇಕೆಂದಿದ್ದೆ, ಉಸಿರು ಸಾಲಲಿಲ್ಲ.

ಆದರೆ ಬಿಡಲಿಲ್ಲ. ನಿನಗೆ ನನ್ನ ಹಟ ಗೊತ್ತುಂಟು. ಒಂದು ನಿಮಿಷ ಎರಡಾಯಿತು, ಎರಡು ಐದಾಯಿತು, ಶೂಸಿನ ತುದಿಗೆ ತಾಗಿ ತಾಗಿ ಹೆಬ್ಬೆರಳಿನ ಉಗುರು ಕಪ್ಪಾಯಿತು. ಡಿಸೆಂಬರ್ ಕೊನೆಗೆ ನಿಲ್ಲದೆ ಕೆರೆಗೆ ಎರಡು ಸುತ್ತು. ಆ ದಿನ ಬೆವರು ಒರೆಸುವ ನೆಪದಲ್ಲಿ ಸ್ವಲ್ಪ ಅತ್ತೆ, ಯಾರಿಗೂ ಗೊತ್ತಾಗಲಿಲ್ಲ. ಸಕ್ಕರೆ ನೂರ ಐವತ್ತಕ್ಕೆ ಇಳಿಯಿತು. ಚಿರತೆಗಳೂ "ಉಮಾ ಆಂಟಿ, ಉಮಾ ಆಂಟಿ" ಎಂದು ಮಾತಾಡಿಸತೊಡಗಿದವು. ನಿನ್ನ ಭಾವ ಮಾತ್ರ ನನ್ನನ್ನು ದಾಟಿ ಹೋಗುವಾಗ ಮುಖ ನೇರ ಮಾಡಿಕೊಂಡು, ಸೂರ್ಯ ಹುಟ್ಟುವ ಮೊದಲೇ ತಂಪು ಕನ್ನಡಕ ಹಾಕಿಕೊಂಡು. ಓಡುವಾಗ ಮಾತಾಡಿದರೆ ಉಸಿರಿನ ಲಯ ತಪ್ಪುತ್ತದೆ ಎಂದು ಮನೆಯಲ್ಲಿ ಹೇಳಿದ್ದರು. ನಾನು ನಂಬಿದೆ.

ಈ ತಿಂಗಳ ಎರಡನೇ ತಾರೀಕು ಭಾನುವಾರ ನವಿ ಮುಂಬಯಿಯ ನೆರೂಳ್‌ನಲ್ಲಿ ಐದು ಕಿಲೋಮೀಟರ್ ಓಟ ಇತ್ತು. ಯಾರೋ ಬಿಲ್ಡರ್ ಮಾಡಿಸಿದ್ದು. ಎಲ್ಲರಿಗೂ ಟೀ ಶರ್ಟ್, ಬೆನ್ನ ಮೇಲೆ ಅವನ ಬಿಲ್ಡಿಂಗಿನ ಚಿತ್ರ. ಎರಡು ಸಾವಿರ ಜನ ಫ್ಲ್ಯಾಟ್ ಹೊತ್ತುಕೊಂಡು ಓಡಿದ ಹಾಗೆ ಕಾಣುತ್ತಿತ್ತು. ನಿನ್ನ ಭಾವ ಹತ್ತು ಕಿಲೋಮೀಟರಿನ ಮಾತಾಡುತ್ತಿದ್ದವರು ಹಿಂದಿನ ದಿನ ಸೊಂಟ ಹಿಡಿದುಕೊಂಡು ಐದಕ್ಕೆ ಇಳಿದರು. ಶುರುವಿನಲ್ಲಿ ಬಿಟ್ಟ ಬಾಣದ ಹಾಗೆ ಹೋದರು. ನಾನು ನನ್ನ ಪಾಡಿಗೆ, ತೆಂಗಿನಕಾಯಿ ತುರಿಯುವ ಲಯದಲ್ಲಿ.

ನಾಲ್ಕನೇ ಕಿಲೋಮೀಟರಿನ ಬೋರ್ಡಿನ ಹತ್ತಿರ ಒಬ್ಬರು ಮೊಣಕಾಲಿಗೆ ಕೈ ಊರಿ ಬಗ್ಗಿ ನಿಂತಿದ್ದರು. ಹಿಂದಿನಿಂದಲೇ ಗುರುತಾಯಿತು, ಆ ಸಾಕ್ಸ್ ಒಗೆಯುವವಳು ನಾನಲ್ಲವಾ. ನನ್ನನ್ನು ನೋಡಿದ ಕೂಡಲೇ ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಲಿಕ್ಕೆ ಶುರು ಮಾಡಿದರು. ಬಾಗಿ, ನಾನು ನಿಲ್ಲಲಿಲ್ಲ. ದಾಟಿ ಹೋದೆ. ನಲವತ್ತಾರು ನಿಮಿಷ ನಂದು. ಅವರು ಬಂದದ್ದು ಐವತ್ತೊಂದಕ್ಕೆ. ಅವತ್ತು ಗಾಳಿ ಎದುರಿನಿಂದ ಬೀಸುತ್ತಿತ್ತು ಎಂದು ಈಗಲೂ ಫೋನಿನಲ್ಲಿ ಯಾರಿಗೋ ವಿವರಿಸುತ್ತಾರೆ. ನನಗೊಬ್ಬಳಿಗೆ ಹಿಂದಿನಿಂದ ಬೀಸಿರಬೇಕು.

ಇಷ್ಟೇ ಸಮಾಚಾರ. ಹತ್ತು ದಿನದಿಂದ ನಾನು ಹೋಗುತ್ತಿಲ್ಲ. ಮೊಣಗಂಟು ನೋವು ಎಂದು ಹೇಳಿದ್ದೇನೆ. ಮಾನಸಿ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ.

ನಿನ್ನ ಸೊಂಟನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಕ್ಕಳಿಬ್ಬರಿಗೂ ದೊಡ್ಡಮ್ಮನ ಮುದ್ದು, ಕುಶಲನಿಗೆ ಆಶೀರ್ವಾದ. ನಿಮ್ಮೆಲ್ಲರನ್ನೂ ದೇವರು ಚೆನ್ನಾಗಿ ಇಟ್ಟಿರಲಿ.

ನಿನ್ನನ್ನು ದಿನಾ ನೆನೆಯುವ ಅಕ್ಕ,
ಉಮಾವತಿ

ವಿ.ಸೂ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ತೆಗೆದೆ. ನನ್ನ ಮೊಣಗಂಟಿಗೆ ಏನೂ ಆಗಿಲ್ಲ.

ಓಟ ಮುಗಿದ ಮೇಲೆ ಎಲ್ಲರೂ ಅವಲಕ್ಕಿ ಪೋಹೆಯ ಪ್ಲೇಟ್ ಹಿಡಿದು ನಿಂತಿದ್ದೆವು. ನಿನ್ನ ಭಾವ ನನ್ನಿಂದ ನಾಲ್ಕು ಹೆಜ್ಜೆ ಆಚೆ. ಮಾನಸಿ ನನ್ನನ್ನು ಅಪ್ಪಿ ಹಿಡಿದು, "ಆಂಟೀ, ಅಕೇಲೀ ಹೋಕೇ ಭೀ ಆಪ್ನೇ ಇತ್ನಾ ಕಿಯಾ" ಎಂದಳು. ಒಂಟಿಯಾಗಿದ್ದೂ ಇಷ್ಟು ಸಾಧಿಸಿದಿರಿ ಅಂತ. ಯಾರು ಒಂಟಿ ಎಂದು ಕೇಳಿದೆ. ಅವಳು ತಬ್ಬಿಬ್ಬಾಗಿ ರಿತೇಶನನ್ನು ನೋಡಿದಳು. ಅವನು ಮೆಲ್ಲನೆ, "ಸರ್‌ನೇ ಬತಾಯಾ ಥಾ ಆಂಟೀ" ಎಂದ. ನನ್ನ ಫಾರ್ಮ್ ಕೊಟ್ಟ ದಿನ ನಿನ್ನ ಭಾವ ಅವನ ಹತ್ತಿರ, ಇವರು ನಮ್ಮ ಬಿಲ್ಡಿಂಗಿನಲ್ಲಿ ಇರುವವರು, ಪಾಪ, ಒಂಟಿ ಹೆಂಗಸು, ಅದಕ್ಕೇ ಸೇರಿಸುತ್ತಿದ್ದೇನೆ ಎಂದು ಹೇಳಿದ್ದರಂತೆ.

ನಾನೂ ಮೂರು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳುವವರಾ ನಾವು? ಬೈಕಿನಲ್ಲಿ ಬಂದು ಸರ ಎಳೆಯುತ್ತಾರೆ ಎಂದು ಇಲ್ಲಿ ಯಾವ ಹೆಂಗಸೂ ಬೆಳಿಗ್ಗೆ ಕರಿಮಣಿ ಹಾಕಿಕೊಂಡು ಹೊರಡುವುದಿಲ್ಲ. ಹೇಳದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ, ಊರಿನಲ್ಲಿ ಗೊತ್ತಿರುವ ಹಾಗೆ, ಎಂದುಕೊಂಡಿದ್ದೆ. ಪೆದ್ದಿ.

ನಾನು ಅವರ ಕಡೆ ನೋಡಿದೆ. ಎಲ್ಲ ಕೇಳಿಸಿತ್ತು ಅವರಿಗೆ. ಪೋಹೆಯಲ್ಲಿ ಶೇಂಗಾ ಹುಡುಕುತ್ತಾ ನಿಂತಿದ್ದರು. ಈಗ ತಲೆ ಎತ್ತುತ್ತಾರೆ, ಈಗ ನಗಾಡಿ "ಅರೇ, ಮಿಸೆಸ್ ಹೈ ಮೇರೀ" ಎನ್ನುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಮಾನಸಿ ನನ್ನ ಕೈ ಬಿಟ್ಟಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಹಾಂ, ಅಕೇಲೀ ಹೂಂ" ಎಂದುಬಿಟ್ಟೆ. ಅವರ ಮಾನ ನಾನೇ ಉಳಿಸಿದೆ.

ಅವರೂ ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ಬೆಳಿಗ್ಗೆ ಓಟ್ಸ್ ಕೇಳುತ್ತಾರೆ, ಮಾಡಿಕೊಡುತ್ತೇನೆ. ಅನುಷ್ಕಾಳಿಗೆ ಹೇಳಿದರೆ ಅವಳು ಅಪ್ಪನ ಮುಖ ನೋಡಲಿಕ್ಕಿಲ್ಲ, ಅದು ಬೇಡ. ಬಾಗಿ, ಮೊನ್ನೆ ಮೇ ತಿಂಗಳಲ್ಲಿ ನೀನು ನನ್ನನ್ನು ಕಣ್ಣಾರೆ ನೋಡಿದ್ದೀ. ಅಕ್ಕ ಎಂದು ದಾಕ್ಷಿಣ್ಯ ಮಾಡಬೇಡ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆ. ನಾನು ನೋಡಲಿಕ್ಕೆ ಅಷ್ಟು ಅಸಹ್ಯ ಆಗಿದ್ದೇನಾ?